ಎಣ್ಣೆ ಕುಡಿದ ಆರು ತಂತಿ

ಒಂದು ಸೆಟ್ ಗಿಟಾರ್ ತಂತಿಗೆ ಮಣಿಪಾಲದ ಅಂಗಡಿಯವನು ಒಂಬೈನೂರು ಹೇಳಿದ, ಎಂಟುನೂರಕ್ಕೆ ಇಳಿಸಿದೆ. ಅರ್ಧ ಬೆಲೆಯದೂ ಇತ್ತು. ಆದರೆ ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಹತ್ತಿರ. ಉಪ್ಪುಗಾಳಿಗೆ ಸಾದಾ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಮೇಲೆ ತೆಳು ಲೇಪನ ಇರುವುದಕ್ಕೇ ಆ ಹೆಚ್ಚಿನ ದುಡ್ಡು.

ಗಿಟಾರ್ ನನ್ನ ಹೆಂಡತಿಯದು. ಉಡುಪಿ, ಕಾರ್ಕಳ ಕಡೆಯ ಮೆಹಂದಿ ಕಾರ್ಯಕ್ರಮಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳು. ಸಂಭಾವನೆ ಮಾತಾಡಲು ಮಾತ್ರ ನಾನೇ ಹೋಗಬೇಕಿತ್ತು. ಅವಳಿಗೆ ಚೌಕಾಶಿ ಬರುತ್ತಿರಲಿಲ್ಲ. ಕಳೆದ ವರ್ಷ ಆಸ್ಪತ್ರೆಗೆ ಸೇರುವ ಹಿಂದಿನ ದಿನ, "ಬಂದ ಮೇಲೆ ಬೇಕಾಗ್ತದೆ" ಎಂದು ಹೊಸ ತಂತಿ ಹಾಕಿಟ್ಟು ಹೋದಳು. ಬರಲಿಲ್ಲ.

ಆ ತಂತಿ ಹಾಳಾಗಬಾರದೆಂದು ನನಗೆ ಹಠ. ನಮ್ಮಲ್ಲಿ ಕಬ್ಬಿಣದ್ದು ಏನಿದ್ದರೂ ತೆಂಗಿನೆಣ್ಣೆ ಹಚ್ಚಿ ಉಳಿಸುವುದು ರೂಢಿ: ಬೀಗ, ಕತ್ತಿ, ಸೈಕಲ್ ಚೈನ್. ಹಾಗೆಯೇ ವಾರ ವಾರ ಬಟ್ಟೆಗೆ ಎಣ್ಣೆ ಮುಟ್ಟಿಸಿ ಆರೂ ತಂತಿ ಒರೆಸಿದೆ. ಹೊಳೆಯುತ್ತಿದ್ದವು. ನುಡಿಸುವವರಿಲ್ಲದ ಕಾರಣ ನಾದ ಏನಾಯಿತೆಂದು ಗೊತ್ತಾಗಲಿಲ್ಲ.

ಈ ಬೇಸಿಗೆಯಲ್ಲಿ ಮಗಳು ಗಿಟಾರ್ ಎತ್ತಿಕೊಂಡಳು. ದಪ್ಪ ತಂತಿಗಳಿಂದ ಡಬ್ ಡಬ್ ಎಂಬ ಸದ್ದು ಮಾತ್ರ ಬಂತು. ಅವುಗಳ ಮೇಲೆ ಸುತ್ತಿರುವ ಸಣ್ಣ ತಂತಿಯ ಸಂದಿಯಲ್ಲಿ ಎಣ್ಣೆ, ಧೂಳು ಕೂತು ಕಪ್ಪು ಮೇಣವಾಗಿತ್ತು.

"ಎಂತ ಅಪ್ಪ ಇದು? ಬಂಗುಡೆ ಕಾಯಿಸಿದ ಕಾವಲಿಯ ಹಾಗೆ ಉಂಟು!"

"ಅಮ್ಮ ಹಾಕಿದ್ದು. ಮುಟ್ಟಬೇಡ."

"ಅಮ್ಮ ನುಡಿಸ್ಲಿಕ್ಕೆ ಹಾಕಿದ್ದಲ್ವಾ? ನೋಡ್ಲಿಕ್ಕಾ?"

ಮರುದಿನ ಇಬ್ಬರೂ ಮಣಿಪಾಲಕ್ಕೆ ಹೋದೆವು.

"ತೆಂಗಿನೆಣ್ಣೆಯಾ ಮಾರಾಯ್ರೆ? ಒಗ್ಗರಣೆ ಒಂದು ಬಾಕಿ" ಎಂದು ಅಂಗಡಿಯವನು ನಕ್ಕ. ಯಾರು ಹಾಕಿದ ತಂತಿಯೆಂದು ಮಗಳು ಹೇಳಿದ ಮೇಲೆ ನಗು ಬಿಟ್ಟು ಹೊಸ ಸೆಟ್ ತೆಗೆದು ಮುಂದಿಟ್ಟ. ನಾನು ನೂರು ಇಳಿಸಲು ಕೇಳಿದ್ದು ಆಗಲೇ. ದುಃಖದಲ್ಲೂ ಬಾಯಿ ತನ್ನ ಕೆಲಸ ಬಿಡುವುದಿಲ್ಲ.

ಮನೆಯಲ್ಲಿ ಬಿಚ್ಚಲು ಕೂತೆ. ಬಿರಡೆಗಳ ಮೇಲೆ ಅವಳು ಸುತ್ತಿದ ಸುತ್ತುಗಳು ಹಾಗೆಯೇ ಇದ್ದವು, ಒಂದರ ಮೇಲೊಂದು ಏರದಂತೆ ಒತ್ತೊತ್ತಾಗಿ. ನಿಲ್ಲಲು ತ್ರಾಣವಿಲ್ಲದ ದಿನವೂ ಅಷ್ಟು ನೀಟಾಗಿ ಸುತ್ತಿದ್ದಳು. ನನ್ನ ಕೈ ಮುಂದೆ ಹೋಗಲಿಲ್ಲ.

"ನಾನು ಬಿಚ್ತೇನೆ. ನೀವು ಗಿಟಾರ್ ಹಿಡ್ಕೊಳ್ಳಿ" ಎಂದಳು ಮಗಳು. ಹಿಡಿದುಕೊಂಡೆ.

ಹೊಸ ತಂತಿ ಹಾಕಿ, ಸ್ಪೀಕರಿಗೆ ಸಿಕ್ಕಿಸಿ ಮಗಳು ನುಡಿಸಿದಳು. ಸ್ವಚ್ಛವಾದ, ಗಟ್ಟಿ ನಾದ. ನಾನು ಕಾಯುತ್ತಿದ್ದದ್ದು ಅದಲ್ಲ. ಹೆಂಡತಿ ನುಡಿಸಿದ್ದು ಹೇಗಿತ್ತೆಂದು ನೆನಪಿಸಿಕೊಳ್ಳಹೋದರೆ ಅದೂ ಸಿಗಲಿಲ್ಲ. ಮೊಬೈಲಿನಲ್ಲಿ ಅವಳ ಫೋಟೋ ಬೇಕಾದಷ್ಟಿವೆ. ಕಾರ್ಯಕ್ರಮಗಳ ವಿಡಿಯೋದಲ್ಲಿ ಹಾಡುವವರ ಅಬ್ಬರಕ್ಕೆ ಗಿಟಾರ್ ಕೇಳುವುದೇ ಇಲ್ಲ. ಮನೆಯಲ್ಲಿ ಒಬ್ಬಳೇ ಕೂತು ನುಡಿಸುತ್ತಿದ್ದುದನ್ನು ಯಾರೂ ಹಿಡಿದಿಡಲಿಲ್ಲ.

ಆದ್ದರಿಂದ ಹೇಳುತ್ತೇನೆ. ಗಿಟಾರಿಗೆ ಅಡುಗೆಮನೆಯ ಎಣ್ಣೆ ಬೇಡ, ಒಣ ಹತ್ತಿಬಟ್ಟೆ ಸಾಕು. ತಂತಿ ಕತ್ತರಿಸುವ ಮೊದಲು ಪೂರ್ತಿ ಸಡಿಲಿಸಿ, ಇಲ್ಲವಾದರೆ ಮುಖಕ್ಕೆ ಹೊಡೆಯುತ್ತದೆ. ಮನೆಯಲ್ಲಿ ನುಡಿಸುವವರಿದ್ದರೆ ಇವತ್ತೇ ರೆಕಾರ್ಡ್ ಮಾಡಿ. ಫ್ಯಾನ್ ಆರಿಸಿ, ಮೊಬೈಲನ್ನು ಹತ್ತಿರ ಇಡಿ, ನೀವು ಮಧ್ಯೆ ಮಾತಾಡಬೇಡಿ.