ಧೂಳು ಅಳೆಯುವ ಮುಸ್ಸಂಜೆ

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ನನ್ನ ಪರಮಶತ್ರು ಎಂದರೆ ಟ್ಯೂಬ್‌ಲೈಟು. ಹುಬ್ಬಳ್ಳಿ ಕಡೆಯಿಂದ ಬಂದು ಮಣಿಪಾಲದಲ್ಲಿ ಪಾಠ ಮಾಡುತ್ತಾ, ಸಂಜೆ ಹೊತ್ತು ಪಿಎಚ್‌ಡಿಗಾಗಿ ಆಕಾಶದ ಧೂಳು ಅಳೆಯುತ್ತಿದ್ದೆ. ಸೂರ್ಯ ಮುಳುಗಿದ ಮೇಲೆ ಭೂಮಿಯ ನೆರಳು ಮೆಲ್ಲಗೆ ಆಕಾಶ ಹತ್ತುತ್ತದೆ. ನೆರಳಿಗಿಂತ ಮೇಲಿರುವ ಧೂಳಿಗೂ ತೆಳು ಮೋಡಕ್ಕೂ ಇನ್ನೂ ಬಿಸಿಲು ತಾಗುತ್ತಿರುತ್ತದೆ. ನೆತ್ತಿಯ ಮೇಲಿನ ಆ ಬೆಳಕು ಹೇಗೆ ಕುಂದುತ್ತದೆ ಎಂದು ಒಂದು ಯಂತ್ರದಿಂದ ಅಳೆಯುತ್ತಾ ಹೋದರೆ, ಎಷ್ಟು ಎತ್ತರದಲ್ಲಿ ಏನು ತೇಲುತ್ತಿದೆ ಎಂದು ಲೆಕ್ಕ ಹಾಕಬಹುದು. ಸುತ್ತ ಕತ್ತಲಿರಬೇಕು, ಅಷ್ಟೆ.

ಆ ಕತ್ತಲಿಗಾಗಿ ಅಲೆದದ್ದೇ ಅಲೆದದ್ದು. ಮಣಿಪಾಲದಲ್ಲಿ ಬೀದಿದೀಪಗಳ ಕಾಟ. ಕಾಪುವಿಗೆ ಹೋದರೆ ಕಡಲತೀರದ ದೀಪಸ್ತಂಭವೇ ಎದುರು ನಿಂತು ಕಣ್ಣು ಮಿಟುಕಿಸಿತು. ಕೊನೆಗೆ ಶಂಕರಪುರದಲ್ಲಿ, ಮಲ್ಲಿಗೆ ಗಿಡಗಳ ನಡುವಿನ ಒಂದು ಮನೆಯಲ್ಲಿ ಕೋಣೆಯೂ ತಾರಸಿಯೂ ಸಿಕ್ಕಿದವು. ಅಲ್ಲಿ ಇದ್ದವರು ಅಮ್ಮ ಮತ್ತು ಮಗಳು ಮಾತ್ರ.

"ಮುಸ್ಸಂಜೆಗೆ ದೀಪ ಹಾಕಬಾರದಾ? ಲಕ್ಷ್ಮಿ ಬರುವ ಹೊತ್ತಲ್ವಾ ಟೀಚರ್?" ಎಂದು ಅಮ್ಮ ಹೌಹಾರಿದರು. ಒಂದು ವಾರ ಚೌಕಾಸಿ ನಡೆಯಿತು. ತುಳಸಿಕಟ್ಟೆಯ ದೀಪ ದೇವರ ಕೋಣೆಯೊಳಗೆ ಹೋಯಿತು, ಬಾಗಿಲು ಮುಚ್ಚಿತು. ಲಕ್ಷ್ಮಿಗೆ ದಾರಿ ಗೊತ್ತಿದೆ ಎಂದು ಅಮ್ಮ ತಾವೇ ಸಮಾಧಾನ ಮಾಡಿಕೊಂಡರು. ಆಮೇಲೆ ನನಗಿಂತ ಅವರದೇ ಜೋರು. ನೆರೆಮನೆಯವರು ಟಾರ್ಚ್ ಹಿಡಿದು ಬಂದರೂ ಬೈಗುಳ ತಿನ್ನುತ್ತಿದ್ದರು.

ಮಗಳು ಹೂ ಕಟ್ಟುತ್ತಾ ಕೂತರೆ ಬಾಯಿಗೆ ಬಿಡುವಿಲ್ಲ. ಆದರೆ ಹೆಣ್ಣು ನೋಡಲು ಬಂದವರು ಚಾವಡಿಯ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ದಿಟ್ಟಿಸಿದರೆ ಸಾಕು, ನಾಲಿಗೆ ಬಿದ್ದುಹೋಗುತ್ತಿತ್ತು. ಹುಡುಗಿಗೆ ಮಾತು ಬರುವುದಿಲ್ಲವೇನೋ ಎಂದು ಬಂದವರೆಲ್ಲ ಹಿಂದೆ ಸರಿದಿದ್ದರು. ಒಮ್ಮೆ ಪಾತ್ರೆ ತೊಳೆಯುತ್ತಾ, "ಅವರು ಹಾಗೆ ನೋಡುವಾಗ ನಾನೆಂತ ಮಾತಾಡುವುದು ಅಕ್ಕ?" ಎಂದು ಕೇಳಿದ್ದಳು. ಅವಳ ಕಣ್ಣು ತುಂಬಿತ್ತು. ನನಗೆ ಸಂಕಟವಾಯಿತು.

ಮೇ ತಿಂಗಳ ಕೊನೆಯಲ್ಲಿ ಕಾರ್ಕಳದಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ಇದೂ ತಪ್ಪಿದರೆ ಮುಂದೆ ಯಾರ ಮುಂದೆಯೂ ಕೂರುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಮಧ್ಯಾಹ್ನ ಬರಬೇಕಿದ್ದವರ ಕಾರು ದಾರಿಯಲ್ಲಿ ಕೆಟ್ಟಿತು. ಇನ್ನು ಬರಲಿಕ್ಕಿಲ್ಲವೆಂದು, ಮಳೆಗಾಲಕ್ಕೆ ಮುಂಚೆ ಅಪರೂಪಕ್ಕೆ ಸಿಕ್ಕ ಶುಭ್ರ ಆಕಾಶಕ್ಕೆ ನಾನು ಯಂತ್ರ ತಿರುಗಿಸಿದೆ. ಮನೆ ಕತ್ತಲಾಯಿತು. ಆಗಲೇ ಗೇಟು ಕಿರುಗುಟ್ಟಿತು.

ಮುಸ್ಸಂಜೆಗೆ ದೀಪವಿಲ್ಲದ ಮನೆ ಎಂದರೆ ಸಾವಿನ ಮನೆ ಎಂದೇ ಲೆಕ್ಕ. ಹುಡುಗನ ತಾಯಿ ಅಂಗಳದಲ್ಲೇ ನಿಂತು, "ಯಾರು ಹೋದದ್ದು?" ಎಂದು ಮೆಲ್ಲಗೆ ಕೇಳಿದರು.

"ಯಾರೂ ಇಲ್ಲ ಮಾರಾಯ್ರೆ. ಟೀಚರ್ ಮೇಲೆ ಧೂಳು ಅಳೆಯುತ್ತಾ ಇದ್ದಾರೆ. ಲೈಟು ಹಾಕಲಿಕ್ಕಿಲ್ಲ," ಎಂದರು ಅಮ್ಮ, ಅಭ್ಯಾಸಬಲದಿಂದ.

ನಾನು ತಾರಸಿಯ ಅಂಚಿಗೆ ಓಡಿದೆ. "ಹಾಕಿ ಅಮ್ಮ, ಪರವಾಗಿಲ್ಲ," ಎಂದು ಮೇಲಿನಿಂದ ಕೂಗಿದೆ.

"ಬೇಡ, ಅವರ ಕೆಲಸ ಮುಗಿಯಲಿ," ಎಂದಿತು ಒಂದು ಗಂಡು ದನಿ. "ಮೇಲೆ ಸಹ ಧೂಳು ಉಂಟಾ?"

ಕತ್ತಲಲ್ಲಿ ಮಗಳ ದನಿ ಕೇಳಿಸಿತು. "ಉಂಟು. ಅಂಗಳ ಆದರೆ ನಾನು ದಿನಾ ಗುಡಿಸುತ್ತೇನೆ. ಅಲ್ಲಿ ಗುಡಿಸುವವರು ಯಾರೂ ಇಲ್ಲ. ಅದಕ್ಕೆ ಅಕ್ಕ ಅಳೆದು ಬರೆದಿಡುತ್ತಾರೆ."

ಹುಡುಗ ನಕ್ಕ. ಅವನ ತಾಯಿಯೂ ನಕ್ಕರು. ಅವಳು ಕಾರು ಎಲ್ಲಿ ಕೆಟ್ಟಿತು ಎಂದು ವಿಚಾರಿಸಿದಳು, ಅವನು ಮಲ್ಲಿಗೆಗೆ ಎಂತ ಗೊಬ್ಬರ ಎಂದು ಕೇಳಿದ. ನಾನು ಒಂದು ಕಿವಿ ಕೆಳಗಿಟ್ಟೇ ಅಳತೆ ಮುಗಿಸಿದೆ. ಯಂತ್ರ ಗೀಚುವ ಬೆಳಕಿನ ಗೆರೆ ಅಷ್ಟು ಚೊಕ್ಕವಾಗಿ ಇಳಿದದ್ದನ್ನು ನಾನು ನೋಡಿಯೇ ಇರಲಿಲ್ಲ.

ಯಂತ್ರ ಬಂದ್ ಮಾಡಿ ಕೆಳಗಿಳಿದೆ. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಒದ್ದೆ ಬಾಳೆನಾರಿನಂತಹ ತಣ್ಣನೆಯ ಬೆರಳುಗಳು ನನ್ನ ಮಣಿಕಟ್ಟು ಹಿಡಿದವು.

"ಅಕ್ಕ, ಇನ್ನೂ ಸ್ವಲ್ಪ ಅಳೆಯಲಿಕ್ಕಿಲ್ವಾ?" ಎಂದು ಅವಳು ಪಿಸುಗುಟ್ಟಿದಳು.

ನಾನು ಮತ್ತೆ ಮೆಟ್ಟಿಲು ಹತ್ತಿದೆ. ಬಂದ್ ಮಾಡಿದ ಯಂತ್ರದ ಪಕ್ಕ ಕೂತೆ.

"ಮುಗಿಯಿತಾ ಟೀಚರ್?" ಎಂದು ಅಮ್ಮ ಕೂಗಿದರು.

"ಇನ್ನೂ ಇಲ್ಲರಿ ಅಮ್ಮ," ಎಂದೆ. "ಧೂಳು ಇವತ್ತು ಭಾಳ ಮ್ಯಾಲ ಐತ್ರಿ."