ಜೀಪಿನ ಅಳತೆಯ ದಾರಿ

ನಮ್ಮ ಮನೆಗೆ ಹೋಗುವ ದಾರಿ ನಮ್ಮದಲ್ಲ. ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ ಹೋಗುವ ರಸ್ತೆಯ ಬಲಕ್ಕೆ, ಪಕ್ಕದ ಎಸ್ಟೇಟಿನವರ ಹಿಂಬದಿಯ ಗೇಟು ಸಿಗುತ್ತದೆ. ಗೇಟು ಎಂದರೆ ಬಾಗಿಲೇನೂ ಇಲ್ಲ, ಎರಡು ಕಲ್ಲುಕಂಬ ಅಷ್ಟೇ. ಅವುಗಳ ನಡುವೆ ನುಗ್ಗಿ, ಬೇರೆಯವರ ಕಾಫಿ ಗಿಡಗಳ ಮಧ್ಯೆ ಏರಿ ಇಳಿದು, ಅವರ ಕೂಲಿಯಾಳುಗಳ ಲೈನ್ ಮನೆಗಳನ್ನು ದಾಟಿದ ಮೇಲೆ ನಮ್ಮ ಸಣ್ಣ ತೋಟ. ನನ್ನ ಮಾವನವರ ಕಾಲದಲ್ಲಿ ಆ ಎಸ್ಟೇಟಿನ ಹಿರಿಯರು ಒಂದು ಜೀಪು ಹೋಗುವಷ್ಟು ದಾರಿ ಬಿಡುತ್ತೇನೆಂದು ಬಾಯಿಮಾತಿನಲ್ಲಿ ಒಪ್ಪಿದ್ದರಂತೆ. ಒಪ್ಪಿದ ದಿನ ತಮ್ಮದೇ ಜೀಪನ್ನು ತಂದು ನಿಲ್ಲಿಸಿ, ಎರಡು ಪಕ್ಕಕ್ಕೂ ಒಂದೊಂದು ಗೇಣು ಬಿಟ್ಟು ಕಂಬ ನೆಡಿಸಿದರಂತೆ. ಕಾಗದವಿಲ್ಲ, ಸರ್ವೆಯಿಲ್ಲ. ನಿಮ್ಮ ಹಕ್ಕು ಎಷ್ಟು ಎಂದು ಯಾರಾದರೂ ಕೇಳಿದರೆ ನಾವು ಆ ಕಂಬಗಳನ್ನೇ ತೋರಿಸಬೇಕು.

ನನ್ನದು ಕೂತಲ್ಲಿ ಕೂರಲಾಗದ ಸ್ವಭಾವ. ನಿನ್ನ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಎಂದು ತವರೂರು ಶನಿವಾರಸಂತೆಯಲ್ಲಿದ್ದಾಗ ಅಮ್ಮ ಬೈಯುತ್ತಿದ್ದಳು. ಅಂಥವಳು ಮದುವೆಯಾಗಿ ಈ ತೋಟಕ್ಕೆ ಬಂದು, ಹೈಸ್ಕೂಲಿನಲ್ಲಿ ಪಾಠ ಹೇಳುವ ಕೆಲಸ ಹಿಡಿದು, ವರ್ಷಾನುಗಟ್ಟಲೆ ಗಂಡನ ಬೈಕಿನ ಹಿಂದೆ ಕೂತು ಬಸ್‌ಸ್ಟಾಪಿಗೆ ಹೋದೆ. ಅವರು ಒಳ್ಳೆಯವರೇ. ಆದರೆ ಬೆಳಿಗ್ಗೆ ಮೆಣಸಿನ ಬಳ್ಳಿಗಳ ಬುಡದಲ್ಲಿ ನಿಂತರೆ ಅವರಿಗೆ ಲೋಕವೇ ಬೇಡ. ನಾನು ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿ, ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತಿರುಗುತ್ತಿದ್ದೆ. ಅಕ್ಕನ ಮನೆಗೆ ಹೋಗಬೇಕೆಂದರೂ ಅವರ ಮುಖ ನೋಡಬೇಕು. ಆಗ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಕೊನೆಗೆ ಒಂದು ಕಾರು ಕೊಂಡೆ. ಅದು ಬಂದದ್ದು ಪೊನ್ನಂಪೇಟೆಯಿಂದ. ಅಲ್ಲಿ ಲೆಕ್ಚರರ್ ಆಗಿದ್ದವರೊಬ್ಬರು ವರ್ಗವಾಗಿ ಹೋಗುವಾಗ ಮಾರಿದ ಪುಟ್ಟ ಕಾರು. ಅದರ ಬಣ್ಣವನ್ನು ಬೂದಿ ಎನ್ನಬೇಕೋ ನೀಲಿ ಎನ್ನಬೇಕೋ ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ದುಡ್ಡು ನನ್ನದಾದರೂ ಮನೆಗೆ ಓಡಿಸಿಕೊಂಡು ಬಂದವರು ನನ್ನ ಗಂಡನೇ. ಹರೆಯದಲ್ಲಿ ಜೀಪು ಓಡಿಸಿದ ಕೈ ಅಲ್ಲವೇ. ಕಂಬಗಳ ಹತ್ತಿರ ದಾರಿ ಇಳಿಜಾರಿನಲ್ಲಿ ತಿರುಗುತ್ತದೆ, ಸಾಲದ್ದಕ್ಕೆ ಹಲಸಿನ ಬೇರು ದೂಡಿ ಒಂದು ಕಂಬ ಒಳಕ್ಕೆ ವಾಲಿದೆ. ಮೊದಲ ದಿನ ಎಡಬಾಗಿಲು ಉಜ್ಜಿತು. ಮರುದಿನ ಬಲಬಾಗಿಲು. ಮೂರನೆಯ ದಿನ ಅವರು ಕೀಲಿಯನ್ನು ಊಟದ ಮೇಜಿನ ಮೇಲೆ ಎಸೆದು, "ನಂಗೆ ಈ ಡಬ್ಬಿ ಆಗಿಬರಲ್ಲ ಕಣೇ, ನೀನೇ ಕಲ್ತ್ಕೊ" ಅಂದರು.

ಕಲಿತೆ. ಮಡಿಕೇರಿಯಲ್ಲಿ ಕಲಿಸುವವರು ಹೇಳಿಕೊಟ್ಟದ್ದು ಅರ್ಧ, ಕಂಬಗಳು ಹೇಳಿಕೊಟ್ಟದ್ದು ಅರ್ಧ. ತಿರುವಿಗೆ ಮೊದಲೇ ಬಲಚಕ್ರವನ್ನು ಚರಂಡಿಯ ಅಂಚಿಗೆ ತರಬೇಕು, ಎರಡೂ ಕನ್ನಡಿ ಮಡಚಬೇಕು, ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಮತ್ತೆ ನೇರ ಮಾಡಿ, ವಾಲಿದ ಕಂಬವನ್ನು ನೋಡದೆ ನೆಟ್ಟಗಿರುವುದನ್ನು ನೋಡುತ್ತಾ ನುಗ್ಗಬೇಕು. ಹೆದರಿ ನಿಧಾನ ಮಾಡಿದರೆ ಉಜ್ಜುತ್ತದೆ. ನನಗೆ ಒಂದು ಸಲವೂ ಉಜ್ಜಲಿಲ್ಲ. ಅಂದಿನಿಂದ ನಮ್ಮ ಮನೆಯ ಸ್ಟೇರಿಂಗ್ ನನ್ನ ಪಾಲಿಗೆ ಬಂತು. ಅವರು ಎಡಗಡೆ ಕೂತು, ಕಂಬ ಬಂದಾಗ ಕಿಟಕಿಯಿಂದ ಮೊಣಕೈ ಒಳಗೆಳೆದು, ಹೊಟ್ಟೆಯನ್ನೂ ಒಳಗೆಳೆದು, ದಾಟಿದ ಮೇಲೆ ಉಸಿರು ಬಿಡುತ್ತಿದ್ದರು. ನನಗೆ ನಗು ಬರುತ್ತಿತ್ತು. ಶಾಲೆಗೆ, ಸಂತೆಗೆ, ಅಕ್ಕನ ಮನೆಗೆ, ಕೆಲವೊಮ್ಮೆ ಸುಮ್ಮನೆ ಹಾರಂಗಿಯ ಕಡೆಗೆ, ಯಾರ ಮುಖವನ್ನೂ ನೋಡದೆ ಹೊರಟೆ.

ಹಾಗಾಗಿ ಅವರು ಹೊಸ ಕಾರಿನ ಮಾತು ತೆಗೆದಾಗ ನನಗೆ ಕೇಳಿಸಿದ್ದೇ ಬೇರೆ. ಹೊಸದು ಬಂದರೆ ಹಳೆಯದನ್ನು ಮಾರುತ್ತಾರೆ, ಹೊಸದು ಅವರದಾಗುತ್ತದೆ. ಗೇರು ಹಾಕುವ ಕೆಲಸವಿಲ್ಲದ, ಎತ್ತರದ, ದೊಡ್ಡ ಕಾರು. ಅವರು ಬಲಗಡೆ, ನಾನು ಎಡಗಡೆ, ಮತ್ತೆ ಅಂಗಳದಲ್ಲಿ ಆ ಕಡೆ ಈ ಕಡೆ.

ಅವರು ಕುಶಾಲನಗರಕ್ಕೆ ಹೋಗಿ ಕಾರು ನೋಡಿ ಬಂದರು. ದಾರಿಯ ಅಗಲ ನೋಡಿದಿರಾ ಎಂದು ಕೇಳಿದರೆ, "ಜೀಪ್ ಹೋಗಿದ್ ದಾರೀಲಿ ಕಾರು ಹೋಗಲ್ವಾ?" ಅಂದುಬಿಟ್ಟರು. ಈ ಸೀಮೆಯ ಗಂಡಸರಿಗೆಲ್ಲ ಅದೊಂದು ನಂಬಿಕೆ. ಜೀಪು ನುಗ್ಗಿದ ಕಡೆ ಆನೆಯೂ ನುಗ್ಗುತ್ತದೆ ಎಂದುಕೊಂಡಿರುತ್ತಾರೆ. ಅಂಗಡಿಯವರು ಓಡಿಸಿ ನೋಡಲೆಂದು ಕಾರನ್ನು ಡ್ರೈವರ್ ಜೊತೆ ಮನೆಗೇ ಕಳಿಸಿದರು. ಅದು ಕಂಬಗಳ ಮುಂದೆ ನಿಂತಿತು. ಇವರು ಅಲ್ಲಿಗೆ ಹೋಗಿ, ಪಂಚೆ ಎತ್ತಿಕಟ್ಟಿ, "ಬರ್ಲಿ, ಬರ್ಲಿ, ಇನ್ನೊಂಚೂರು ಬಲಕ್ಕೆ" ಎಂದು ಕೈಬೀಸಿದರು. ಕನ್ನಡಿ ಮಡಚಿದ್ದಾಯಿತು. ಹಿಂದೆ ಹೋಗಿ ಮುಂದೆ ಬಂದದ್ದಾಯಿತು. ಕಾರು ಕಂಬಗಳ ನಡುವಿನ ಜಾಗಕ್ಕಿಂತ ಅಗಲವಾಗಿತ್ತು, ಅಷ್ಟೇ. ಲೈನ್ ಮನೆಯ ಹೆಂಗಸರು ಕಾಫಿ ಹಣ್ಣಿನ ಪಿಕಿಂಗಿನಿಂದ ಬರುತ್ತಿದ್ದವರು ಬುಟ್ಟಿ ಇಳಿಸಿ ನಿಂತು ನೋಡಿದರು. ನಾನು ಕಂಬಗಳ ಈಚೆ ಕಾಫಿ ಗಿಡಗಳ ಪಕ್ಕ ನಿಂತು ನೋಡುತ್ತಾ ಆ ಕಲ್ಲುಗಳಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಕಂಬ ಸ್ವಲ್ಪ ಸರಿಸಿ ಅಂತ ಎಸ್ಟೇಟಿನವರನ್ನ ಕೇಳಿ" ಎಂದು ನಾನೇ ಹೇಳಿದೆ. ಇವರು ಹೋಗಿ ಕೇಳುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ.

"ಕಂಬ ಮುಟ್ಟಿದ್ರೆ ದಾರಿ ಮಾತೂ ಏಳ್ತದೆ. ಇರೋದೂ ಹೋಗ್ತದೆ. ಸುಮ್ನಿರು" ಅಂದರು.

ಕಾರು ತಿರುಗಿ ಹೋಯಿತು. ಹಳೆಯದು ಉಳಿಯಿತು. ಆದರೆ ನನ್ನ ಜೀವಕ್ಕೆ ಸಮಾಧಾನ ಉಳಿಯಲಿಲ್ಲ. ಅವರು ಹೇಳುವ ಒಂದೊಂದು ದೂರೂ ಈ ಕಾರಿನ ಬುಡಕ್ಕೆ ಬೀಳುವ ಏಟಿನ ಹಾಗೆ ಕೇಳಿಸತೊಡಗಿತು. ಸೊಂಟ ನೋವು ಅಂದರೆ ಸೀಟು ಬಿಚ್ಚಿಸಿ ಹೊಸ ಸ್ಪಂಜು ಹಾಕಿಸಿದೆ. ಗುಂಡಿಯಲ್ಲಿ ಎತ್ತಿಹಾಕುತ್ತದೆ ಅಂದರೆ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ. ಹಿಂದೆ ಕಾಣುವುದಿಲ್ಲ ಅಂದರೆ ಕ್ಯಾಮೆರಾ ಕೂರಿಸಿದೆ. ಅವರು ಬಾಯಿ ತೆರೆಯುವ ಮೊದಲೇ ಟೈರು, ಬ್ಯಾಟರಿ, ಹಾಡು ಕೇಳುವ ಸ್ಕ್ರೀನು. ಇಲಿಗಳು ವೈರು ಕಡಿದವೆಂದು ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು ಇಟ್ಟೆ. ಒಂದು ವಾರ ಶಾಲೆಯ ಮಕ್ಕಳೆಲ್ಲ ನನ್ನನ್ನು ವಿಚಿತ್ರವಾಗಿ ಮೂಸಿದರು.

ಸುಂಟಿಕೊಪ್ಪದ ಮೆಕ್ಯಾನಿಕ್ಕು ಮಲಯಾಳಿ, ಬಾಯಿ ತುಂಬ ಮಾತು. "ಟೀಚರೇ, ಇನ್ನು ಬದಲಿ ಮಾಡ್ಲಿಕ್ಕೆ ಬಾಕಿ ಇರೋದು ನಂಬರ್ ಪ್ಲೇಟ್ ಒಂದೇ" ಎಂದು ಚುಡಾಯಿಸುತ್ತಿದ್ದ. ಲೈಟು ಮಂಕಾಗಿದೆ ಎಂಬ ದೂರು ಬಂದಾಗ ನಾನು ಅವನ ಮಾತನ್ನೂ ಕೇಳದೆ ಫೋನಿನಲ್ಲಿ ನೋಡಿ ಬೆಳ್ಳಗೆ ಹೊಳೆಯುವ ಎಲ್‌ಇಡಿ ಬಲ್ಬು ತರಿಸಿ ಹಾಕಿಸಿದೆ. ಆಷಾಢದ ಒಂದು ಸಂಜೆ ಮಡಿಕೇರಿಯಿಂದ ಬರುವಾಗ ಮಂಜು ಇಳಿಯಿತು. ಲೈಟು ಹಾಕಿದರೆ ಬೆಳಕೆಲ್ಲ ತಿರುಗಿ ನನ್ನ ಮುಖಕ್ಕೇ ಬಂತು. ಮುಂದೆ ರಸ್ತೆಯಿಲ್ಲ, ಸುಣ್ಣ ಬಳಿದ ಗೋಡೆ. ಇಲ್ಲಿ ಹುಟ್ಟಿ ಬೆಳೆದವಳಿಗೆ ಮಂಜಿಗೆ ಹಳದಿ ಬೆಳಕೇ ಬೇಕು ಎಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತಲೆಯಲ್ಲಿ ರಸ್ತೆ ಇರಲಿಲ್ಲ, ಅವರ ದೂರು ಇತ್ತು. ಎಡಗಡೆಯಿಂದ ಅವರು ಇಳಿದು, ಕೊಡೆ ಹಿಡಿದು, ರಸ್ತೆಯಂಚಿನಲ್ಲಿ ನಡೆಯುತ್ತಾ ಕಾರಿಗೆ ದಾರಿ ತೋರಿಸಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನವೇ ಹಳದಿ ಬಲ್ಬು ಹಾಕಿಸಿಕೊಂಡು ಬಂದೆ.

ಹದಿನೈದು ವರ್ಷ ತುಂಬಿ ಕಾರನ್ನು ಮತ್ತೆ ನೋಂದಾಯಿಸಬೇಕಾಗಿ ಬಂದಾಗ ಮಡಿಕೇರಿಗೆ ಒಯ್ದೆ. ಹಿಂದಿನ ಸಂಜೆ ನಾನೇ ಕೂತು ಚಕ್ರಗಳ ಕೆಸರು ತೊಳೆದಿದ್ದೆ, ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೇನೋ ಎಂಬಂತೆ. ಇನ್ಸ್‌ಪೆಕ್ಟರು ಸುತ್ತು ಬಂದು, ಬ್ರೇಕು ನೋಡಿ, ಹೊಗೆ ನೋಡಿ, ಪರವಾಗಿಲ್ಲ ಅಂದರು. ವಾಪಸ್ ಬರುವಾಗ ಜೋರಾಗಿ ಹಾಡು ಹಾಕಿಕೊಂಡೆ. ಇನ್ನು ಕೆಲವು ವರ್ಷ ಚಿಂತೆಯಿಲ್ಲ ಅಂದುಕೊಂಡೆ.

ಚಿಂತೆ ಬಂದದ್ದು ನಾನು ಕೈಮುಗಿದಿದ್ದ ಕಡೆಯಿಂದಲೇ. ಪಕ್ಕದ ಎಸ್ಟೇಟನ್ನು ಈಗ ನೋಡಿಕೊಳ್ಳುವವಳು ಆ ಮನೆಯ ಸೊಸೆ. ಚುರುಕಾದ ಹೆಣ್ಣು. ನಮ್ಮ ದಾರಿಯ ಪಕ್ಕದಲ್ಲೇ ಹೋಮ್‌ಸ್ಟೇ ಕಟ್ಟಿಸಿದ್ದಳು. ಬಂದ ಪ್ರವಾಸಿಗಳ ದೊಡ್ಡ ಕಾರುಗಳು ಕಂಬದ ಹತ್ತಿರ ಸಿಕ್ಕಿಕೊಂಡು ಒದ್ದಾಡುತ್ತಿದ್ದವು. ಒಂದು ಭಾನುವಾರ ಅವಳು ನಮ್ಮ ಮನೆಯವರೆಗೆ ನಡೆದು ಬಂದು, ಕಾಫಿ ಕುಡಿದು, ಸಂತೋಷದ ಸುದ್ದಿ ಹೇಳಿದಳು.

"ಅಕ್ಕಾ, ಆ ಕಂಬ ಎರಡೂ ಕೀಳಿಸ್ತಾ ಇದ್ದೇನೆ. ದಾರಿ ಅಗಲ ಮಾಡಿಸ್ತೇನೆ. ನಿಮಗೆಷ್ಟು ಕಷ್ಟ ಆಗ್ತಿತ್ತೋ ಏನೋ, ಮಾವ ಆಗಲೇ ಮಾಡಿಸಬೇಕಿತ್ತು. ನಿಮ್ಮ ದಾರಿ ನಿಮಗೆ ಇದ್ದೇ ಇರುತ್ತೆ, ಬೇಕಾದ್ರೆ ಬರೆದು ಕೊಡ್ತೇನೆ."

ನನ್ನ ಗಂಡನ ಮುಖ ಅರಳಿತು. ಎರಡು ತಲೆಮಾರಿನ ಭಯ ಒಂದು ಲೋಟ ಕಾಫಿಯಲ್ಲಿ ಕರಗಿತ್ತು. ನಾನೂ ನಗಬೇಕಿತ್ತು. ಬಹಳ ಒಳ್ಳೆಯದಾಯ್ತು ಎಂದು ಹೇಳಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತು, ಈ ಹುಡುಗಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ಗೊಣಗಿದೆ.

ಜೆಸಿಬಿ ಬಂದು ಕಂಬಗಳನ್ನು ಎತ್ತಿ ಬದಿಗೆ ಮಲಗಿಸಿತು. ತಿರುವನ್ನೂ ಅಗಲ ಮಾಡಿದರು. ಈಗ ಯಾರು ಬೇಕಾದರೂ, ಎಂಥ ಕಾರನ್ನು ಬೇಕಾದರೂ, ಒಂದು ಕೈಯಲ್ಲಿ ಓಡಿಸಿಕೊಂಡು ಬರಬಹುದಿತ್ತು. ನಾನು ಕಲಿತದ್ದು ಇನ್ನು ಯಾರಿಗೂ ಬೇಡ. ಅವರು ಹೊಸ ಕಾರಿನ ಮಾತು ಇಂದು ತೆಗೆಯುತ್ತಾರೆ, ನಾಳೆ ತೆಗೆಯುತ್ತಾರೆ ಎಂದು ಕಾದೆ. ತೆಗೆಯಲಿಲ್ಲ. ಅದು ಇನ್ನೂ ಕೆಟ್ಟದ್ದು. ತರಗತಿಯಲ್ಲಿ ಬರೆದದ್ದನ್ನೇ ಮತ್ತೆ ಬರೆದೆ. ಮನೆಯಲ್ಲಿ ಕಾರಿನ ಕೀಲಿಯನ್ನು ಮೊಳೆಯಿಂದ ತೆಗೆದು ನನ್ನ ಚೀಲದಲ್ಲಿಟ್ಟೆ, ಮತ್ತೆ ನಾಚಿಕೆಯಾಗಿ ಮೊಳೆಗೇ ಹಾಕಿದೆ.

ಒಂದು ರಜೆಯ ಬೆಳಿಗ್ಗೆ ಅಕ್ಕನ ಮನೆಗೆ ಹೊರಟಿದ್ದೆವು. ನಾನು ಬಾಗಿಲು ಹಾಕಿಕೊಂಡು ಬರುವಷ್ಟರಲ್ಲಿ ಅವರು ಬಲಗಡೆಯ ಸೀಟಿನಲ್ಲಿ ಕೂತಿದ್ದರು. ಸೀಟನ್ನು ಹಿಂದಕ್ಕೆ ತಳ್ಳಿಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಆ ಕಲ್ಲುಗಳು ನನ್ನ ಪರವಾಗಿ ಮಾತಾಡುತ್ತಿದ್ದವು. ಈಗ ನಾನೇ ಆಡಬೇಕಿತ್ತು.

"ನೋಡಿ, ನೀವು ಹೊಸದು ತಗೊಳ್ಳಿ, ಎರಡು ತಗೊಳ್ಳಿ. ಇದನ್ನ ನಾನು ಕೊಡಲ್ಲ. ಇದು ಹೋದ್ರೆ ನಾನು ಮತ್ತೆ ನಿಮ್ಮ ದಾರಿ ಕಾಯ್ಕೊಂಡು ಅಂಗಳದಲ್ಲಿ ನಿಲ್ಬೇಕು. ನನ್ನ ಕೈಲಿ ಆಗಲ್ಲ."

ಅವರು ಸ್ಟೇರಿಂಗ್ ಮೇಲಿನ ಕೈ ತೆಗೆಯದೆ ನನ್ನನ್ನು ನೋಡಿದರು.

"ಕೊಡು ಅಂದೋರ್ಯಾರು ಮಾರಾಯ್ತಿ? ಹೊಸದು ಅವತ್ತೇ ಬಿಟ್ಟೆ. ಅಷ್ಟು ಜನರ ಮುಂದೆ ಪಂಚೆ ಕಟ್ಕೊಂಡು ಕುಣಿದದ್ದು ಸಾಲ್ದಾ?" ಅಂದರು. ಆಮೇಲೆ ದನಿ ಇಳಿಸಿ, "ನಂಗೆ ಆ ಜಾಗ ಒಂದ್ಸಲ ದಾಟಿಸ್ಬೇಕು, ಅಷ್ಟೇ. ಎರಡೂ ಬಾಗ್ಲು ಉಜ್ಜಿದ್ದು ಇನ್ನೂ ಮನಸ್ಸಲ್ಲೇ ಇದೆ. ಎಡಗಡೆ ಕೂತು ದಿನಾ ಅದನ್ನೇ ನೋಡಿದ್ದೇನೆ ನಾನು" ಅಂದರು.

ಅವರು ಹೊಟ್ಟೆ ಒಳಗೆಳೆದುಕೊಳ್ಳುವಾಗಲೆಲ್ಲ ನಾನು ನಕ್ಕಿದ್ದೆ. ಸುತ್ತು ಬಂದು ಎಡಗಡೆ ಕೂತೆ.

ಆ ಸೀಟಿನಲ್ಲಿ ನಾನು ಕೂತದ್ದೇ ಕಡಿಮೆ. ಅಲ್ಲಿ ಕಾಲಿಗೆ ಕ್ಲಚ್ಚಿಲ್ಲ, ಬ್ರೇಕಿಲ್ಲ, ಕೈಗೆ ಕೆಲಸವಿಲ್ಲ. ಲೈನ್ ಮನೆ ದಾಟುವಾಗಲೇ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ತಿರುವು ಬಂತು. ಅವರು ಎರಡೂ ಕನ್ನಡಿ ಮಡಚಿದರು. ಬಲಚಕ್ರವನ್ನು ಚರಂಡಿಯ ಅಂಚಿಗೆ ತಂದು, ಸ್ಟೇರಿಂಗ್ ಪೂರ್ತಿ ತಿರುಗಿಸಿ, ನೇರ ಮಾಡಿ, ಹೆದರದೆ ನುಗ್ಗಿದರು. ನಾನು ಮಾಡುತ್ತಿದ್ದ ಹಾಗೆಯೇ. ಕಂಬ ಇದ್ದ ಜಾಗದಲ್ಲಿ ಹೊಸ ಮಣ್ಣು ಕೆಂಪಗೆ ಕಾಣುತ್ತಿತ್ತು. ನಾನು ಕಿಟಕಿಯಿಂದ ಮೊಣಕೈ ಒಳಗೆಳೆದುಕೊಂಡೆ.

ರಸ್ತೆಗೆ ಬಂದ ಮೇಲೆ ಅವರು ಉಸಿರು ಬಿಟ್ಟು, "ಹೆಂಗೆ?" ಅಂದರು.

"ಚೆನ್ನಾಗಿತ್ತು" ಅಂದೆ. ನಿಜವಾಗಿಯೂ ಚೆನ್ನಾಗಿತ್ತು. ಬಸ್‌ಸ್ಟಾಪಿನವರೆಗೆ ಹೇಗೋ ತಡೆದುಕೊಂಡೆ. "ಸಾಕು, ನಿಲ್ಸಿ. ಇಳೀರಿ ಇನ್ನು."

ಅವರು ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದರು. ನಾನು ಒಳಗೆ ಕೂತು, ಸೀಟನ್ನು ನನ್ನ ಅಳತೆಗೆ ಮುಂದಕ್ಕೆಳೆದುಕೊಂಡು, ಕನ್ನಡಿ ಬಿಡಿಸಿ, ಗೇರು ಹಾಕಿದೆ.