ಆರ್ಲೆನ್ ಬರೆದ ಕಡ್ಡಿ ಮನುಷ್ಯರು

ನಮ್ಮ ಆರ್ಲೆನ್ ಸ್ಟೆನೆರುಡ್ ಮೂವತ್ತೊಂದು ವರ್ಷ ಒಬ್ಬನೇ ಮನುಷ್ಯನನ್ನು ದಿನಾ ಸಾಯಿಸಿ ಸಂಬಳ ತಗೊಂಡ. ಮಿನೆಸೋಟಾದ ನಮ್ಮೂರಲ್ಲಿ ಹಿಮ ಎತ್ತೆಸೆಯುವ ಯಂತ್ರದ ಕಾರ್ಖಾನೆ ಇತ್ತು. ಯಂತ್ರಕ್ಕೆ ಅಂಟಿಸುವ ಎಚ್ಚರಿಕೆ ಚೀಟಿಯ ಮೇಲೆ ನಾಲ್ಕು ಗೆರೆ, ಒಂದು ಸೊನ್ನೆಯ ಕಡ್ಡಿ ಮನುಷ್ಯನ ಚಿತ್ರ ಬರೆಯುವುದು ಅವನ ಕೆಲಸ. ಕೈ ತುಂಡಾಗಬೇಕು, ಕಾಲು ಸಿಕ್ಕಿಕೊಳ್ಳಬೇಕು, ತಲೆ ಹಾರಬೇಕು. ಚಿತ್ರದ ಕೆಳಗಿನ ಮಾತು ಬರೆಯುತ್ತಿದ್ದವನು ನಾನು. "ನಿನ್ನ ಅಕ್ಷರ ಯಾರು ಓದ್ತಾರೋ? ಅನಾಹುತ ಕಣ್ಣಿಗೆ ಕಾಣಬೇಕು" ಅಂತ ನನ್ನ ಅನ್ನಕ್ಕೇ ಕಲ್ಲು ಹಾಕುತ್ತಿದ್ದ ಪುಣ್ಯಾತ್ಮ.

ಅವನು ನಿವೃತ್ತನಾದ ಮೇಲೆ ಹದಿನೈದರ ಮೊಮ್ಮಗಳು ಬ್ರಿಟಾ ಬಂದು ಅವನ ಮನೆಯಲ್ಲಿದ್ದಳು. ಫೋನಿನಿಂದ ಕತ್ತೆತ್ತುವ ಪೈಕಿ ಅಲ್ಲ. ಮೂರು ತಿಂಗಳಲ್ಲಿ ಅಜ್ಜನ ಜೊತೆ ಆಡಿದ್ದು "ಹೂಂ", "ಉಹೂಂ" ಎರಡೇ. ಅವಳು ತಾನಾಗಿ ಒಂದು ಮಾತಾಡಿದರೆ ಸಾಕು ಅಂತ ಆರ್ಲೆನ್ ಕೊರಗುತ್ತಿದ್ದ.

ಅಷ್ಟರಲ್ಲಿ ಹೊಸ ಕಾನೂನು ಬಂತು. ಸಾಮಾಜಿಕ ಜಾಲತಾಣ ತೆರೆದಾಗಲೆಲ್ಲ, ಇದು ಮನಸ್ಸಿನ ಆರೋಗ್ಯ ಕೆಡಿಸಬಹುದು ಅಂತ ಮೊದಲು ಎಚ್ಚರಿಕೆ ಕಾಣಿಸಬೇಕಂತೆ. ಬ್ರಿಟಾ ಅದನ್ನು ನೊಣ ಓಡಿಸಿದ ಹಾಗೆ ಬೆರಳಲ್ಲೇ ಓಡಿಸಿದಳು. ಆರ್ಲೆನ್‌ಗೆ ಮೈಯೆಲ್ಲ ಉರಿಯಿತು. ಎಚ್ಚರಿಕೆಯನ್ನು ಪರೀಕ್ಷೆ ಮಾಡಲೆಂದೇ ತಾನೂ ಒಂದು ಖಾತೆ ತೆರೆದ. ದಿನಕ್ಕೆ ನಲವತ್ತು ಸಲ ಅದನ್ನು ನೋಡುವುದು, ಬೈಯುವುದು.

"ಅಕ್ಷರ ಸಣ್ಣದು. ಹಳದಿ ಬಣ್ಣ ಇಲ್ಲ. ಕಡ್ಡಿ ಮನುಷ್ಯನೇ ಇಲ್ಲ."

"ಸರಿ, ಆಮೇಲೆ ಒಂದು ಗಂಟೆ ಬೆಕ್ಕಿನ ವಿಡಿಯೋ ಯಾಕೆ ನೋಡ್ತೀಯೋ ಮಾರಾಯ?" ಅಂದೆ.

"ಎಚ್ಚರಿಕೆ ಕೆಲಸ ಮಾಡುತ್ತೋ ಇಲ್ಲವೋ ಅಂತ ನೋಡಬೇಡವಾ?"

ಕೊನೆಗೆ ತಾನೇ ಒಂದು ಚಿತ್ರ ಬರೆದ. ಊಟದ ಮೇಜು, ಇಬ್ಬರು ಕಡ್ಡಿ ಮನುಷ್ಯರು. ದೊಡ್ಡವನು ನೆಟ್ಟಗೆ ಕೂತು ನೋಡುತ್ತಿದ್ದಾನೆ, ಚಿಕ್ಕವಳ ತಲೆ ಫೋನಿನ ಮೇಲೆ ಬಾಗಿದೆ. ಎಚ್ಚರಿಕೆಯ ಜೊತೆ ಇದನ್ನೂ ಹಾಕಿ ಅಂತ ಸರ್ಕಾರಕ್ಕೆ ಕಳಿಸಿದ. "ಚಿತ್ರದಲ್ಲಿ ಯಾರಿಗೂ ಪೆಟ್ಟಾಗಿಲ್ಲ" ಅಂತ ಉತ್ತರ ಬಂತು. ಎರಡು ದಿನ ಮುಖ ಊದಿಸಿಕೊಂಡಿದ್ದು, ಅದೇ ಚಿತ್ರವನ್ನು ಚೀಟಿ ಮಾಡಿ ಬ್ರಿಟಾಳ ಫೋನಿನ ಬೆನ್ನಿಗೇ ಅಂಟಿಸಿಬಿಟ್ಟ.

ಭಾನುವಾರ ನನ್ನನ್ನೂ ಊಟಕ್ಕೆ ಕರೆದಿದ್ದ. ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಅಡುಗೆ ಮೇಜಿನ ಮಧ್ಯೆ ಆರುತ್ತಿತ್ತು. ಬ್ರಿಟಾ ಫೋನು ಮಗುಚಿ ಚೀಟಿ ನೋಡಿದಳು. ಪೆನ್ನು ತೆಗೆದು ಏನೋ ಗೀಚಿ ಅಜ್ಜನ ಮುಂದೆ ತಳ್ಳಿದಳು. ಚಿತ್ರದಲ್ಲಿ ದೊಡ್ಡವನ ಕೈಗೂ ಒಂದು ಫೋನು ಬಂದಿತ್ತು.

"ಈಗ ಸರಿಯಾಯ್ತು ತಾತ," ಅಂದಳು. "ನಿನ್ನೆ ಎರಡು ಸಲ ನಿನ್ನ ಕರೆದೆ. ನೀನು ಬೆಕ್ಕು ನೋಡ್ತಿದ್ದೆ."

ಆರ್ಲೆನ್ ತನ್ನ ಕೈಲಿದ್ದ ಫೋನು ಕೆಳಗಿಟ್ಟ.

"ಏನು ಹೇಳೋಕೆ ಕರೆದಿದ್ದೆ ಪುಟ್ಟಾ?"

"ಅಯ್ಯೋ, ಈಗ ಮರೆತೇಹೋಯ್ತು."

ಎಷ್ಟೋ ಕೈಕಾಲು ಕತ್ತರಿಸಿದ ಮನುಷ್ಯ, ಅವಳ ಕೈ ಹಿಡಿದುಕೊಂಡು "ನೆನಪು ಮಾಡ್ಕೋ, ಪರವಾಗಿಲ್ಲ, ನಾನು ಕಾಯ್ತೀನಿ" ಅಂತ ನನ್ನೆದುರಿಗೇ ಅತ್ತ.